ಮನೆ ಮುಂದೆ ನೀಲಿ ನಂಬರ್ ಪ್ಲೇಟ್ ಕಾರು: ಈ ಕಾನ್ಸುಲೇಟ್‌ನವರು ಬೆಂಗಳೂರಿನಲ್ಲಿ ಮಾಡೋದಾದ್ರೂ ಏನು?

ವಸಂತನಗರದ_ಗುಬ್ಬಿ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಪೆದ್ದಾಗಿ ಕಾಣಬಹುದು, ಬೈಯಬೇಡಿ.

ಹದಿನೈದು ದಿನದಿಂದ ನಮ್ಮ ಗೇಟಿನ ಎದುರಿಗೇ ಒಂದು ಕಾರು ನಿಲ್ಲುತ್ತಿದೆ. ನಂಬರ್ ಪ್ಲೇಟ್ ನೀಲಿ, ಅಕ್ಷರ ಬಿಳಿ, ನಡುವೆ ‘ಸಿಸಿ’ ಅಂತ ಇದೆ. ಅಪ್ಪ ಸ್ಕೂಟರ್ ಹೊರಗೆ ತೆಗೆಯಬೇಕಾದರೆ ದಿನಾ ಸರ್ಕಸ್ಸು. ಪಕ್ಕದ ಮನೆ ಅಂಕಲ್ ಹೇಳಿದರು, "ಅದು ಕಾನ್ಸುಲೇಟ್ ಗಾಡಿ ಕಣಮ್ಮಾ, ಅಂದ್ರೆ ಫಾರಿನ್ ಸರ್ಕಾರದವರು ಇಲ್ಲಿಟ್ಟಿರೋ ಕಚೇರಿದು. ಅದರೊಳಗೆ ಕೂತರೆ ನೀನು ಇಂಡಿಯಾದಲ್ಲೇ ಇಲ್ಲ ಅಂತ ಲೆಕ್ಕ. ಯಾರೂ ಮುಟ್ಟಂಗಿಲ್ಲ."

ಇದು ನಿಜವಾ? ಅಮ್ಮನ ಪ್ರಶ್ನೆ ಇನ್ನೂ ಚೆನ್ನಾಗಿದೆ. "ವೀಸಾ ಕೊಡೋಕೆ ತಾನೇ ಇವರು ಇಲ್ಲಿರೋದು? ಮತ್ತೆ ನಿನ್ನ ತಮ್ಮ ಅಮೆರಿಕ ವೀಸಾಗೆ ಅಂತ ರಾತ್ರಿ ಬಸ್ಸಲ್ಲಿ ಚೆನ್ನೈಗೆ ಯಾಕೆ ಹೋದ?" ತಮ್ಮ ಹೋಗಿ ಒಂದು ದಿನ ಬೆರಳಚ್ಚು ಕೊಟ್ಟ, ಮರುದಿನ ಸಂದರ್ಶನ. ಎರಡು ನಿಮಿಷವೂ ಮಾತಾಡಿಸಲಿಲ್ಲವಂತೆ. ಅವನು ಹೋದಾಗ ಬೆಂಗಳೂರಿನಲ್ಲೇ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಗಿತ್ತು!

ಹಾಗಾದರೆ ಇವರ ಕೆಲಸ ಏನು? ತಿಳಿದವರು ಹೇಳಿ.

ಸಿಲ್ಕ್‌ಬೋರ್ಡ್_ಸಂತ್ರಸ್ತ

ಕಾರೊಳಗೆ ಕೂತರೆ ಬೇರೆ ದೇಶ ಅನ್ನೋದು ನಿಜ ಆಗಿದ್ದರೆ ನಾನು ದಿನಾ ಅದರಲ್ಲೇ ಆಫೀಸಿಗೆ ಹೋಗುತ್ತಿದ್ದೆ. ಸಿಲ್ಕ್ ಬೋರ್ಡ್‌ನಲ್ಲಿ ನಿಂತಷ್ಟು ಹೊತ್ತೂ ಫಾರಿನ್ ಟ್ರಿಪ್ಪು.

ಕಾನೂನು_ಕಾಫಿ

ಗುಬ್ಬಿ ಅವರೇ, ನಾನು ಕಾನೂನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪ್ರತಿ ವರ್ಷ ಮೊದಲ ಕ್ಲಾಸಿನಲ್ಲೇ ಈ ‘ಬೇರೆ ದೇಶದ ನೆಲ’ದ ಕಥೆ ಬರುತ್ತದೆ. ಅದು ತಪ್ಪು. ದೆಹಲಿಯ ಚಾಣಕ್ಯಪುರಿಯಲ್ಲಿ ಇರುವ ಯಾವ ರಾಯಭಾರಿ ಕಚೇರಿಯ ನೆಲವೂ ಭಾರತದ್ದೇ. ಅಲ್ಲಿ ನಡೆಯುವುದು ನಮ್ಮ ಕಾನೂನೇ. ನಮ್ಮ ಪೊಲೀಸರು ಅನುಮತಿ ಇಲ್ಲದೆ ಒಳಗೆ ಕಾಲಿಡುವ ಹಾಗಿಲ್ಲ, ಅಷ್ಟೇ. ನಿಮ್ಮ ಮನೆಯನ್ನು ಬಾಡಿಗೆಗೆ ಕೊಟ್ಟ ಮೇಲೆ ನೀವು ಹೇಳದೆ ಕೇಳದೆ ಒಳಗೆ ನುಗ್ಗುವುದಿಲ್ಲ ಅಲ್ವಾ? ಹಾಗಂತ ಮನೆ ಅವರದಾಗಿಬಿಡುವುದಿಲ್ಲ.

ಇದಕ್ಕೆ ಆಧಾರ 1961ರ ವಿಯೆನ್ನಾ ಒಪ್ಪಂದ. ನಮ್ಮ ಸಂಸತ್ತು 1972ರಲ್ಲಿ ಕಾಯ್ದೆ ಮಾಡಿ ಅದನ್ನು ಒಪ್ಪಿಕೊಂಡಿದೆ. ರಾಯಭಾರಿ ಕಚೇರಿ ಏನೇನು ಮಾಡಬೇಕು ಅಂತ ಅದರ 3ನೇ ವಿಧಿಯಲ್ಲಿದೆ. ತನ್ನ ದೇಶವನ್ನು ಪ್ರತಿನಿಧಿಸುವುದು. ತನ್ನ ದೇಶದ, ತನ್ನ ಜನರ ಹಿತ ಕಾಯುವುದು. ಇಲ್ಲಿನ ಸರ್ಕಾರದ ಜೊತೆ ಮಾತುಕತೆ. ಇಲ್ಲಿ ಏನು ನಡೆಯುತ್ತಿದೆ ಅಂತ ನೋಡಿ, ಕೇಳಿ ಊರಿಗೆ ವರದಿ ಬರೆಯುವುದು. ಆಮೇಲೆ ಸ್ನೇಹ, ವ್ಯಾಪಾರ, ಸಂಸ್ಕೃತಿ. ಈ ಪಟ್ಟಿಯಲ್ಲಿ ವೀಸಾ ಅನ್ನುವ ಪದವೇ ಇಲ್ಲ, ಅಮ್ಮನಿಗೆ ಹೇಳಿ.

ವೀಸಾ ಬರುವುದು 1963ರ ಇನ್ನೊಂದು ಒಪ್ಪಂದದಲ್ಲಿ. ಅದು ಕಾನ್ಸುಲೇಟ್‌ಗಳಿಗೆ ಸಂಬಂಧಪಟ್ಟದ್ದು. ರಾಯಭಾರಿ ಕಚೇರಿ ರಾಜಧಾನಿಯಲ್ಲಿ ಇರುತ್ತದೆ, ದೇಶಕ್ಕೆ ಒಂದೇ. ಕಾನ್ಸುಲೇಟ್ ಎಷ್ಟು ಊರಿನಲ್ಲಾದರೂ ಇರಬಹುದು. ಬೆಂಗಳೂರಿನಲ್ಲಿ ಜರ್ಮನಿ, ಫ್ರಾನ್ಸ್, ಜಪಾನ್, ಇಸ್ರೇಲ್, ಸ್ವಿಟ್ಜರ್ಲೆಂಡ್, ಆಸ್ಟ್ರೇಲಿಯಾ ಹೀಗೆ ಹಲವು ದೇಶಗಳದ್ದು ಇವೆ. ಬ್ರಿಟನ್‌ನವರದು ‘ಡೆಪ್ಯುಟಿ ಹೈಕಮಿಷನ್’. ಕಾಮನ್‌ವೆಲ್ತ್ ದೇಶಗಳು ತಮ್ಮತಮ್ಮಲ್ಲಿ ರಾಯಭಾರಿಯನ್ನು ಹೈಕಮಿಷನರ್ ಅನ್ನುತ್ತವೆ. ಹೆಸರು ಬೇರೆ, ಕೆಲಸ ಅದೇ.

ಈಗ ಕಾರಿನ ವಿಷಯ. ‘ಸಿಡಿ’ ಅಂತ ಇದ್ದರೆ ರಾಯಭಾರಿ ಕಚೇರಿಯದ್ದು, ‘ಸಿಸಿ’ ಅಂತ ಇದ್ದರೆ ಕಾನ್ಸುಲೇಟ್‌ನದ್ದು. ಎರಡಕ್ಕೂ ಒಂದೇ ರಕ್ಷಣೆ ಅಲ್ಲ. ರಾಯಭಾರಿಯ ಮೇಲೆ ಇಲ್ಲಿ ಕ್ರಿಮಿನಲ್ ಕೇಸು ನಡೆಸುವಂತಿಲ್ಲ. ಕಾನ್ಸುಲೇಟ್ ಅಧಿಕಾರಿಗೆ ಕಚೇರಿಯ ಕೆಲಸದ ಮಟ್ಟಿಗೆ ಮಾತ್ರ ರಕ್ಷಣೆ. ಯಾರ ರಕ್ಷಣೆ ಎಷ್ಟೇ ಇರಲಿ, ಆತಿಥೇಯ ದೇಶದ ಕಾನೂನು ಪಾಲಿಸಬೇಕು ಅಂತ ಎರಡು ಒಪ್ಪಂದದಲ್ಲೂ ಬರೆದಿದೆ. ಕಾನ್ಸುಲೇಟ್‌ನವರು ವಾಹನ ವಿಮೆಯ ನಿಯಮವನ್ನೂ ಪಾಲಿಸಬೇಕು ಅಂತ ಪ್ರತ್ಯೇಕ ವಿಧಿಯೇ ಇದೆ. ಗೇಟಿಗೆ ಅಡ್ಡ ನಿಲ್ಲಿಸುವುದು ಯಾವ ಒಪ್ಪಂದದಲ್ಲೂ ಇಲ್ಲ.

ಸಿಲ್ಕ್‌ಬೋರ್ಡ್_ಸಂತ್ರಸ್ತ

ಲಂಡನ್ನಿನಲ್ಲಿ ಟ್ರಾಫಿಕ್ ದಟ್ಟಣೆ ಶುಲ್ಕ ಇದೆಯಲ್ಲ, ಅದನ್ನು ಅಲ್ಲಿನ ಅಮೆರಿಕ ರಾಯಭಾರಿ ಕಚೇರಿ ಕಟ್ಟುವುದೇ ಇಲ್ಲ. ಅದು ತೆರಿಗೆ, ನಮಗೆ ತೆರಿಗೆ ಇಲ್ಲ ಅನ್ನೋದು ಅವರ ವಾದ. ಅಲ್ಲ, ಅದು ಸೇವೆಗೆ ಕೊಡುವ ಶುಲ್ಕ ಅಂತ ಲಂಡನ್ನಿನವರು. 2024ರಲ್ಲಿ ಬಾಕಿ 1.4 ಕೋಟಿ ಪೌಂಡ್ ದಾಟಿತ್ತು. ನಮ್ಮ ಹೊರವರ್ತುಲ ರಸ್ತೆಗೂ ಅಂಥ ಶುಲ್ಕ ಹಾಕಬೇಕು ಅಂತ ಆಗಾಗ ಮಾತು ಏಳುತ್ತೆ. ಬಂದರೆ ಆ ದಿನ ನಾನೂ ನೀಲಿ ಪೇಂಟ್ ತರುತ್ತೇನೆ.

ಅನುಮಾನ_ಅಣ್ಣಯ್ಯ

ಕಾಫಿ ಸಾರ್ ಚೆನ್ನಾಗಿ ಬರೆದಿದ್ದಾರೆ. ಆದರೆ ‘ನೋಡಿ, ಕೇಳಿ ವರದಿ ಬರೆಯುವುದು’ ಅಂತ ಮೆತ್ತಗೆ ಹೇಳಿ ಮುಂದೆ ಹೋಗಿಬಿಟ್ಟರಲ್ಲ, ಅದಕ್ಕೆ ನಮ್ಮ ಊರಿನಲ್ಲಿ ಬೇಹುಗಾರಿಕೆ ಅಂತಾರೆ. ಬೆಂಗಳೂರಿನಲ್ಲಿ ಇಸ್ರೋ ಇದೆ, ಎಚ್‌ಎಎಲ್ ಇದೆ, ಡಿಆರ್‌ಡಿಒ ಲ್ಯಾಬುಗಳಿವೆ. ಎಲ್ಲ ದೇಶಗಳೂ ಇಲ್ಲಿಗೇ ಬಂದು ಅಂಗಡಿ ತೆರೆಯುತ್ತಿರುವುದು ಮಸಾಲೆ ದೋಸೆ ತಿನ್ನೋಕಾ?

ಕಾನೂನು_ಕಾಫಿ

ಅಣ್ಣಯ್ಯ, ನಿಮ್ಮ ಅನುಮಾನ ಪೂರ್ತಿ ಸುಳ್ಳಲ್ಲ. ರಾಜತಾಂತ್ರಿಕರ ವೇಷದಲ್ಲಿ ಗೂಢಚಾರರು ಇರುತ್ತಾರೆ ಅಂತ ಎಲ್ಲ ದೇಶಕ್ಕೂ ಗೊತ್ತು. ಎಲ್ಲ ದೇಶವೂ ಮಾಡುತ್ತದೆ. ಆದರೆ ಒಪ್ಪಂದದ ಮಾತು ‘ಕಾನೂನುಬದ್ಧ ದಾರಿಯಲ್ಲಿ’ ತಿಳಿದುಕೊಳ್ಳುವುದು. ಪೇಪರ್ ಓದುವುದು, ಮಂತ್ರಿಗಳನ್ನು, ವಿರೋಧ ಪಕ್ಷದವರನ್ನು, ಪತ್ರಕರ್ತರನ್ನು, ಉದ್ಯಮಿಗಳನ್ನು ಕಂಡು ಮಾತಾಡುವುದು, ಸಂಜೆ ಕೂತು ಬರೆಯುವುದು. ಗುಟ್ಟಿನ ಕಾಗದ ಬಯಲು ಮಾಡುವ ವಿಕಿಲೀಕ್ಸ್ 2010–11ರಲ್ಲಿ ಹೊರಗೆ ಹಾಕಿತಲ್ಲ, ಅಮೆರಿಕದ ರಾಯಭಾರಿ ಕಚೇರಿಗಳ ಎರಡೂವರೆ ಲಕ್ಷ ಪತ್ರಗಳು? ಜನ ಜೇಮ್ಸ್ ಬಾಂಡ್ ಕಥೆ ಇರುತ್ತೆ ಅಂದುಕೊಂಡರು. ಬಹುಪಾಲು ಇದ್ದದ್ದು ಊಟಕ್ಕೆ ಕರೆದು ಮಾತಾಡಿಸಿದ ವಿವರ. ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ, ಮುಂದಿನ ಚುನಾವಣೆಯಲ್ಲಿ ಏನಾಗಬಹುದು, ಹೀಗೆ. ನಮ್ಮ ಕಟ್ಟೆ ಪುರಾಣವೇ, ಇಂಗ್ಲಿಷಿನಲ್ಲಿ.

ಯಾರಾದರೂ ಗೆರೆ ದಾಟಿದರೆ ಆತಿಥೇಯ ದೇಶದ ಕೈಯಲ್ಲಿ 1961ರ ಒಪ್ಪಂದದ 9ನೇ ವಿಧಿ ಇದೆ. ‘ಈ ವ್ಯಕ್ತಿ ನಮಗೆ ಬೇಡ’ ಅಂದರೆ ಮುಗಿಯಿತು, ಅವರು ಗಂಟುಮೂಟೆ ಕಟ್ಟಬೇಕು. ಕಾರಣ ಕೊಡುವ ಅಗತ್ಯವೂ ಇಲ್ಲ. 2018ರಲ್ಲಿ ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ರಷ್ಯಾದ ಮಾಜಿ ಗೂಢಚಾರನಿಗೆ ವಿಷ ಹಾಕಿದ ಪ್ರಕರಣ ಆದಾಗ ಬ್ರಿಟನ್ ಒಂದೇ ಏಟಿಗೆ ರಷ್ಯಾದ 23 ಜನರನ್ನು ಕಳಿಸಿತು.

ಅನುಮಾನ_ಅಣ್ಣಯ್ಯ

ಸರಿ, ಅರ್ಧ ಒಪ್ಪಿದೆ. ಇನ್ನರ್ಧ ಕಾಫಿ ಕುಡಿದ ಮೇಲೆ.

ಹಳೇಮೈಸೂರು_ಮೇಷ್ಟ್ರು

ನಿವೃತ್ತಿ ಆದ ಮೇಲೆ ನನಗೆ ಇದೇ ಕೆಲಸ, ಯಾರಾದರೂ ‘ಹೊಸದು’ ಅಂದರೆ ಹಳೆಯದನ್ನು ತೆಗೆಯುವುದು.

ಅಣ್ಣಯ್ಯ, ಈ ನೋಡಿ ಬರೆಯುವ ಚಾಳಿ ಇವತ್ತಿನದಲ್ಲ. 1443ರಲ್ಲಿ ಎರಡನೇ ದೇವರಾಯ ಆಳುತ್ತಿದ್ದಾಗ ಈಗಿನ ಅಫ್ಘಾನಿಸ್ತಾನದ ಹೆರಾತಿನ ಶಾರುಖ್ ದೊರೆಯ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಬಂದ. ಏಳು ಸುತ್ತಿನ ಕೋಟೆ, ಪೇಟೆ ಬೀದಿ, ಮಹಾನವಮಿ ಹಬ್ಬ, ಎಲ್ಲವನ್ನೂ ಬರೆದಿಟ್ಟ. ನಾವು ಇವತ್ತು ಹಂಪಿಯ ವೈಭವದ ಬಗ್ಗೆ ಎದೆ ಉಬ್ಬಿಸಿ ಮಾತಾಡುವಾಗ ಅರ್ಧ ಮಾತು ಆ ಹೊರಗಿನವನದ್ದೇ. ಅವನ ಊಟದ ಖರ್ಚು ಅರಮನೆಯದ್ದು. ಕುರಿ, ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಜೊತೆಗೆ ಚಿನ್ನದ ವರಾಹ. ಆಗ ಹೋರ್ಮುಜ್ ಕಡೆಯ ಕೆಲವರು ಹೊಟ್ಟೆಕಿಚ್ಚಿಗೆ ‘ಇವನು ನಿಜವಾದ ರಾಯಭಾರಿಯೇ ಅಲ್ಲ’ ಅಂತ ಗುಸುಗುಸು ಎಬ್ಬಿಸಿದರು. ಇವತ್ತು ಹೊಸ ರಾಯಭಾರಿ ಬಂದ ಕೂಡಲೇ ರಾಷ್ಟ್ರಪತಿ ಭವನಕ್ಕೆ ಹೋಗಿ ತನ್ನ ದೇಶದ ಪತ್ರ ಒಪ್ಪಿಸುವುದು ಯಾಕೆ ಅಂತೀರಿ? ಇಂಥ ಗುಸುಗುಸುಗೆ ಜಾಗ ಇರಬಾರದು ಅಂತಲೇ.

ನಮ್ಮ ಕಡೆಯಿಂದಲೂ ಹೋಗಿದ್ದಾರೆ. ಟಿಪ್ಪು ಕಳಿಸಿದ ಮೂವರು ರಾಯಭಾರಿಗಳು 1788ರಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿಯನ್ನು ಕಂಡರು. ಕೇಳಿದ್ದು ಇಂಗ್ಲಿಷರ ವಿರುದ್ಧ ಸೈನ್ಯ. ಫ್ರಾನ್ಸಿನ ಬೊಕ್ಕಸವೇ ಬರಿದಾಗಿತ್ತು. ಸೈನ್ಯ ಸಿಗಲಿಲ್ಲ, ಸೆವ್ರ್ ಪಿಂಗಾಣಿ ಉಡುಗೊರೆ ಸಿಕ್ಕಿತು. ಮರುವರ್ಷ ಅಲ್ಲೇ ಕ್ರಾಂತಿ.

ಇನ್ನು ನಮ್ಮ ರೆಸಿಡೆನ್ಸಿ ರಸ್ತೆ. ಮೈಸೂರು ಸಂಸ್ಥಾನದಲ್ಲಿ ಬ್ರಿಟಿಷ್ ರೆಸಿಡೆಂಟ್ ಅಂತ ಒಬ್ಬ ಇರುತ್ತಿದ್ದ. ಈಗಿನ ರಾಜಭವನವೇ ಅವನ ಮನೆ ಆಗಿತ್ತು. ಹೆಸರಿಗೆ ಪ್ರತಿನಿಧಿ. ಆದರೆ ಮಹಾರಾಜರು ಅವನ ಮುಖ ನೋಡಿಕೊಂಡು ನಡೆಯಬೇಕಿತ್ತು. ಅದು ರಾಯಭಾರ ಅಲ್ಲ, ಬಂದ ನೆಂಟ ಯಜಮಾನನ ಕುರ್ಚಿಯಲ್ಲಿ ಕೂತ ಕಥೆ. ಈಗಿನ ಕಾನ್ಸುಲೇಟ್‌ನವರು ನಾವು ‘ಹೂಂ’ ಅಂದರೆ ಮಾತ್ರ ಇಲ್ಲಿರುತ್ತಾರೆ. ಈ ವ್ಯತ್ಯಾಸ ಗೊತ್ತಿರಲಿ.

ವಸಂತನಗರದ_ಗುಬ್ಬಿ

ಮೇಷ್ಟ್ರೇ, ನಮಸ್ಕಾರ! ರೆಸಿಡೆನ್ಸಿ ರಸ್ತೆಯಲ್ಲಿ ಹತ್ತು ವರ್ಷ ಓಡಾಡಿದ್ದೇನೆ, ಆ ಹೆಸರು ಯಾಕೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಆದರೂ ಅಮ್ಮನ ಪ್ರಶ್ನೆ ಹಾಗೇ ಉಳಿಯಿತು. ಅಮೆರಿಕದವರು ಬೆಂಗಳೂರಿಗೆ ಬಂದು ವೀಸಾ ಕೊಡದೆ ಇದ್ದರೆ ಬಂದದ್ದು ಯಾಕೆ?

ಬಿಡದಿ_ಬಿಡುವಿಲ್ಲ

ಇದಕ್ಕೆ ನಾನು ಹೇಳುತ್ತೇನೆ. 2025ರ ಜನವರಿ 17ರಂದು ವಿಠಲ್ ಮಲ್ಯ ರಸ್ತೆಯ ಹೋಟೆಲೊಂದರಲ್ಲಿ ಅದರ ಉದ್ಘಾಟನೆ ಆಯಿತು. ವಿದೇಶಾಂಗ ಮಂತ್ರಿ ಜೈಶಂಕರ್ ಬಂದಿದ್ದರು. ಸದ್ಯಕ್ಕೆ ವೀಸಾ ಇಲ್ಲ, ಸ್ವಂತ ಕಟ್ಟಡ ಆಗಬೇಕು ಅಂತ ಅವತ್ತೇ ಹೇಳಿದ್ದರು. ಜನ ಆ ಸಾಲು ಓದಲಿಲ್ಲ, ಫೋಟೋ ಮಾತ್ರ ಫಾರ್ವರ್ಡ್ ಮಾಡಿದರು. ಇದು ಕೊಟ್ಟು ತಗೊಳ್ಳುವ ವ್ಯವಹಾರ. ಅವರು ಇಲ್ಲಿ ತೆರೆದರೆ ನಾವು ಅಲ್ಲಿ ತೆರೆಯುತ್ತೇವೆ. ಸಿಯಾಟಲ್‌ನಲ್ಲಿ ಭಾರತದ ಕಾನ್ಸುಲೇಟ್ ಶುರುವಾದದ್ದು 2023ರಲ್ಲಿ.

ವೀಸಾ ಇಲ್ಲದಿದ್ದರೂ ಕೆಲಸ ಬೇಕಾದಷ್ಟು. ನಾನು ಬಿಡದಿ ಕಡೆ ಜಪಾನಿಯರ ಜೊತೆ ಕೆಲಸ ಮಾಡುವವನು. ಟೊಯೋಟಾ 1997ರಲ್ಲಿ ಬಂದಾಗಿನಿಂದ ಅಲ್ಲಿ ಜಪಾನಿ ಕುಟುಂಬಗಳು ಬಂದು ಹೋಗುತ್ತಲೇ ಇವೆ. ಅವರಿಗೆ ಕಾನ್ಸುಲೇಟ್ ಅಂದರೆ ನಮಗೆ ತಾಲ್ಲೂಕು ಕಚೇರಿ ಇದ್ದ ಹಾಗೆ. ಮಗು ಹುಟ್ಟಿದರೆ ಅಲ್ಲಿ ಬರೆಸಬೇಕು. ಪಾಸ್‌ಪೋರ್ಟ್ ಮುಗಿದರೆ ಅಲ್ಲಿಗೆ. ಅವರ ದೇಶದಲ್ಲಿ ಚುನಾವಣೆ ಬಂದರೆ ಓಟು ಹಾಕುವುದೂ ಅಲ್ಲೇ. ನನ್ನ ಜೊತೆಗಿದ್ದ ಒಬ್ಬರು ರಜೆ ಹಾಕಿ ಓಟು ಹಾಕಲು ಹೋದದ್ದು ನೋಡಿ ನನಗೆ ನಾಚಿಕೆ ಆಯಿತು. ನಾನು ಬೂತಿನ ಎದುರು ಮನೆಯಲ್ಲಿದ್ದೂ ಒಂದು ಸಲ ತಪ್ಪಿಸಿದ್ದೇನೆ.

ವ್ಯಾಪಾರವಂತೂ ಇದ್ದೇ ಇದೆ. ಅವರ ಕಂಪನಿಗೆ ಇಲ್ಲಿ ಜಾಗ, ಕರೆಂಟು, ತೆರಿಗೆ ಅಂತ ತಕರಾರು ಬಂದರೆ ವಿಧಾನಸೌಧದ ಬಾಗಿಲು ತಟ್ಟುವುದರಲ್ಲಿ ಕಾನ್ಸುಲ್ ಜನರಲ್ ಕೂಡ ಇರುತ್ತಾರೆ. ಎರಡು ದೇಶದ ನಂಟು ಚೆನ್ನಾಗಿದ್ದರೆ ಸಾಲವೂ ಬರುತ್ತದೆ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಕಾವೇರಿ 5ನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್, ಅದಕ್ಕೆ ಜಪಾನಿನ ಜೈಕಾ ಸಾಲ ಕೊಟ್ಟಿದೆ. ಜೈಕಾ ಬೇರೆ ಸಂಸ್ಥೆ, ಕಾನ್ಸುಲೇಟ್ ಅಲ್ಲ, ಗೊತ್ತು. ಆದರೆ ನಂಟು ಹಳಸಿದ್ದರೆ ಅಷ್ಟು ದೊಡ್ಡ ಸಾಲ ಸುಮ್ನೆ ಬರುತ್ತಿತ್ತಾ? ಜಪಾನ್ ಹಬ್ಬ ನೋಡಿ ‘ಡ್ಯಾನ್ಸ್ ಮಾಡಿಸೋಕೆ ಇಷ್ಟು ಜನಾನಾ’ ಅಂತ ನಗುವವರಿದ್ದಾರೆ. ಅದೂ ಕೆಲಸವೇ. ನಿಮ್ಮ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್, ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಭಾಷೆ ಕಲಿತವರಲ್ಲಿ ಎಷ್ಟು ಜನ ಆಮೇಲೆ ಆ ದೇಶಕ್ಕೇ ಓದಲು ಹೋಗಿಲ್ಲ?

ಸಿಲ್ಕ್‌ಬೋರ್ಡ್_ಸಂತ್ರಸ್ತ

ನಂಟು ಹಳಸಿದರೆ ಏನಾಗುತ್ತೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. 2023ರ ಅಕ್ಟೋಬರ್‌ನಲ್ಲಿ ಭಾರತಕ್ಕೂ ಕೆನಡಾಕ್ಕೂ ಜಗಳ ಆಯಿತಲ್ಲ. ನಮ್ಮವರು ಅಲ್ಲಿರುವಷ್ಟೇ ಜನ ನಿಮ್ಮವರು ಇಲ್ಲಿರಲಿ ಅಂತ ದೆಹಲಿ ಹೇಳಿತು, ಕೆನಡಾ 41 ಜನರನ್ನು ವಾಪಸ್ ಕರೆಸಿಕೊಂಡಿತು. ಬೆಂಗಳೂರು, ಮುಂಬೈ, ಚಂಡೀಗಢದ ಕಾನ್ಸುಲೇಟ್‌ಗಳಲ್ಲಿ ಜನರನ್ನು ನೇರವಾಗಿ ನೋಡುವ ಕೆಲಸ ನಿಂತಿತು. ಗೆಳೆಯನ ತಂಗಿ ಅಲ್ಲಿ ಓದಲು ಅರ್ಜಿ ಹಾಕಿ ಕೂತಿದ್ದಳು. ದೊಡ್ಡವರ ಜಗಳ, ಇವಳ ನಿದ್ದೆ ಹೋಯಿತು. ದಿನಕ್ಕೆ ನಾಲ್ಕು ಸಲ ಇಮೇಲ್ ತೆರೆದು ನೋಡುತ್ತಿದ್ದಳು.

ಕುಂದಾಪ್ರ_ಮಾಣಿ

ಮಾರಾಯ್ರೆ, ನೀವೆಲ್ಲ ಇಲ್ಲಿಗೆ ಬಂದವರ ಬಗ್ಗೆ ಮಾತಾಡುತ್ತಿದ್ದೀರಿ. ನಮ್ಮದೂ ಹೊರಗೆ ಉಂಟಲ್ಲ, ಅದನ್ನು ಯಾರೂ ಹೇಳಲಿಲ್ಲ.

ನಮ್ಮ ಅಪ್ಪಯ್ಯ 1990ರಲ್ಲಿ ಕುವೈತಿನ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು. ಆಗಸ್ಟ್ ಎರಡಕ್ಕೆ ಇರಾಕ್ ಸೈನ್ಯ ನುಗ್ಗಿತು. ಮಾಲೀಕ ಓಡಿಹೋದ, ಪಾಸ್‌ಪೋರ್ಟ್ ಅವನ ಹತ್ತಿರವೇ ಇತ್ತು. ಪಾಸ್‌ಪೋರ್ಟ್ ಇಲ್ಲದವನು ಯಾವ ದೇಶದವನು ಅಂತ ಯಾರು ಹೇಳಬೇಕು? ರಾಯಭಾರಿ ಕಚೇರಿಯೇ ಹೇಳಬೇಕು. ಒಂದು ಕಾಗದ, ಮೇಲೊಂದು ಮೊಹರು, ‘ಇವರು ಭಾರತೀಯರು’ ಅಂತ. ಆ ಕಾಗದ ಹಿಡಿದು ಬಸ್ಸಿನಲ್ಲಿ ಇರಾಕ್ ದಾಟಿ ಜೋರ್ಡಾನಿನ ಅಮ್ಮಾನ್ ಸೇರಿದರು. ಅಲ್ಲಿಂದ ವಿಮಾನ. ಆ ಸಲ ಹಾಗೆ ಬಂದವರು ಸುಮಾರು 1.7 ಲಕ್ಷ ಜನ. ಅಪ್ಪಯ್ಯ ಊರಿಗೆ ಬಂದಾಗ ಒಂದು ಚೀಲವೂ ಇರಲಿಲ್ಲ. ಆ ಕಾಗದ ಮಾತ್ರ ಅಂಗಿಯ ಜೇಬಿನಲ್ಲಿತ್ತು. ಈಗಲೂ ಅಮ್ಮ ಅದನ್ನು ದೇವರ ಕೋಣೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.

ಇನ್ನೊಂದು ಕೆಲಸ ಉಂಟು, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಗಲ್ಫಿನಲ್ಲಿ ನಮ್ಮವರು ತೀರಿಕೊಂಡರೆ ದೇಹ ಊರಿಗೆ ತರಬೇಕು. ನಮ್ಮ ಚಿಕ್ಕಪ್ಪನಿಗೆ ಹಾಗಾಯಿತು. ಅಲ್ಲಿನ ಪೊಲೀಸರ ಕಾಗದ, ಮರಣ ಪತ್ರ, ಆಮೇಲೆ ನಮ್ಮ ಕಾನ್ಸುಲೇಟ್‌ನಲ್ಲಿ ಪಾಸ್‌ಪೋರ್ಟ್ ರದ್ದು ಮಾಡಿಸಿ ‘ಅಡ್ಡಿಯಿಲ್ಲ’ ಅಂತ ಪತ್ರ ತಗೊಳ್ಳಬೇಕು. ಆ ಪಾಸ್‌ಪೋರ್ಟಿನ ಮೂಲೆ ಕತ್ತರಿಸಿ ಕೈಗೆ ಕೊಡುತ್ತಾರೆ. ನಾನೇ ಹೋಗಿದ್ದೆ. ಕೌಂಟರಿನ ಆ ಮನುಷ್ಯ ಮಲಯಾಳಿ. ಕತ್ತರಿ ಹಿಡಿದವನು ಒಂದು ಕ್ಷಣ ನನ್ನ ಮುಖ ನೋಡಿ ನಿಂತ. ಆಮೇಲೆ ಕತ್ತರಿಸಿದ. ಕೈಯಲ್ಲಿ ಹಣ ಇಲ್ಲದವರಿಗೆ 2009ರಿಂದ ಸಮುದಾಯ ಕಲ್ಯಾಣ ನಿಧಿ ಅಂತ ಉಂಟು, ಅದರಿಂದ ಖರ್ಚು ಕೊಡಬಹುದು. ಕೇಳಬೇಕು. ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ.

ವಸಂತನಗರದ_ಗುಬ್ಬಿ

ಮಾಣಿ ಅವರೇ, ಓದಿ ಸುಮ್ಮನೆ ಕೂತುಬಿಟ್ಟೆ.

ಹುಣಸೂರು_ಹೈದ

ನಮ್ಮ ಕಡೆಯದೂ ಒಂದು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ ಹಕ್ಕಿಪಿಕ್ಕಿ ಜನರ ಊರು. ಅವರು ತಲೆಗೂದಲ ಎಣ್ಣೆ, ಗಿಡಮೂಲಿಕೆ ಹೊತ್ತುಕೊಂಡು ಆಫ್ರಿಕಾದ ದೇಶಗಳಿಗೂ ಹೋಗಿ ಮಾರುತ್ತಾರೆ. ಅವರಲ್ಲಿ ಹೆಚ್ಚಿನವರು ಇಂಗ್ಲಿಷ್ ಓದಿದವರಲ್ಲ, ಆದರೂ ಹೋಗುತ್ತಾರೆ. ಆ ಧೈರ್ಯ ನನಗಿಲ್ಲ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಕದನ ಶುರುವಾದಾಗ ಹಕ್ಕಿಪಿಕ್ಕಿಯವರು ಅಲ್ಲಿ ಸಿಕ್ಕಿಬಿದ್ದರು. ಇಲ್ಲಿ ಚುನಾವಣೆ ಕಾಲ, ಟ್ವಿಟರ್‌ನಲ್ಲಿ ನಾಯಕರ ಜಗಳವೂ ಆಯಿತು. ಅಲ್ಲಿ ರಾಯಭಾರಿ ಕಚೇರಿಯವರಿಗೇ ಹೊರಗೆ ಬರಲಾಗದಷ್ಟು ಗುಂಡಿನ ಸದ್ದು. ಕೊನೆಗೆ ಬಸ್ಸಿನಲ್ಲಿ ಪೋರ್ಟ್ ಸುಡಾನ್, ಅಲ್ಲಿಂದ ಜೆಡ್ಡಾ, ಆಮೇಲೆ ಭಾರತ. ಆ ಕಾರ್ಯಾಚರಣೆಗೆ ಇಟ್ಟ ಹೆಸರು ‘ಕಾವೇರಿ’. ನಮ್ಮ ಕಡೆ ಅದನ್ನು ಕೇಳಿ ಖುಷಿಪಟ್ಟವರು ಬಹಳ.

ಎಲ್ಲ ಸಲವೂ ಹಾಗೆ ಸುಖವಾಗಿ ಮುಗಿಯುವುದಿಲ್ಲ. 2022ರಲ್ಲಿ ಯುದ್ಧ ನಡೆಯುತ್ತಿದ್ದ ಉಕ್ರೇನಿನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ಹುಡುಗ ಊಟದ ಸಾಮಾನು ತರಲು ಹೋಗಿ ಶೆಲ್ ದಾಳಿಗೆ ಸತ್ತ. ರಾಯಭಾರಿ ಕಚೇರಿ ಸಲಹೆ ಕೊಡಬಲ್ಲದು, ಬಸ್ಸು ಹುಡುಕಬಲ್ಲದು. ಯುದ್ಧ ನಿಲ್ಲಿಸಲಾರದು.

ಕಾನೂನು_ಕಾಫಿ

ಹೈದ ಹೇಳಿದ್ದು ಮುಖ್ಯ. ಏನು ಮಾಡಲಾಗದು ಅನ್ನುವುದೂ ಗೊತ್ತಿರಬೇಕು. ನೀವು ಹೊರದೇಶದಲ್ಲಿ ಜೈಲು ಸೇರಿದರೆ ನಮ್ಮ ರಾಯಭಾರಿ ಬಂದು ಬೀಗ ತೆಗೆಸಲಾರರು. ಆದರೆ ನಿಮ್ಮನ್ನು ನೋಡಲು, ವಕೀಲರನ್ನು ಗೊತ್ತುಮಾಡಲು ಅವರಿಗೆ ಹಕ್ಕಿದೆ. 1963ರ ಒಪ್ಪಂದದ 36ನೇ ವಿಧಿ. ಗೂಢಚಾರ ಅಂತ ಪಾಕಿಸ್ತಾನ ಹಿಡಿದಿಟ್ಟ ನಮ್ಮ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಆ ದೇಶ ಅದನ್ನೇ ಮುರಿದಿದೆ ಅಂತ 2019ರ ಜುಲೈನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿತು. ಬೆಂಗಳೂರಿನಲ್ಲಿ ಓದಲು ಬಂದ ಆಫ್ರಿಕಾದ ಹುಡುಗನನ್ನು ಹಿಡಿದರೂ ಇದೇ ನಿಯಮ. ‘ನಿನ್ನ ದೇಶದ ಕಚೇರಿಗೆ ತಿಳಿಸಬೇಕಾ’ ಅಂತ ಕೇಳಲೇಬೇಕು.

ಅನುಮಾನ_ಅಣ್ಣಯ್ಯ

ಕಾಫಿ ಕುಡಿದಾಯಿತು. ಯಾರಾದರೂ ಓಡಿಹೋಗಿ ರಾಯಭಾರಿ ಕಚೇರಿಯೊಳಗೆ ಕೂತರೆ? ವಿಕಿಲೀಕ್ಸ್‌ನ ಅಸಾಂಜ್ ಲಂಡನ್ನಿನಲ್ಲಿ ಈಕ್ವೆಡಾರ್‌ನವರ ಕಚೇರಿಯಲ್ಲಿ ಏಳು ವರ್ಷ ಕೂತಿದ್ದ. ಅದು ಬೇರೆ ದೇಶದ ನೆಲ ಅಲ್ಲ ಅಂದರೆ ಪೊಲೀಸರು ಯಾಕೆ ಹೋಗಲಿಲ್ಲ?

ಕಾನೂನು_ಕಾಫಿ

ನೆಲ ಅವರದಲ್ಲ, ಬಾಗಿಲು ಅವರದು. 2019ರಲ್ಲಿ ಈಕ್ವೆಡಾರ್ ‘ಬನ್ನಿ’ ಅಂದಾಗ ಲಂಡನ್ ಪೊಲೀಸರು ಹೋದರು. ಅದೇ ಈಕ್ವೆಡಾರ್ 2024ರ ಏಪ್ರಿಲ್‌ನಲ್ಲಿ ತನ್ನ ಊರಿನಲ್ಲಿ ಮೆಕ್ಸಿಕೋದ ಕಚೇರಿಗೆ ಪೊಲೀಸರನ್ನು ನುಗ್ಗಿಸಿ ಒಬ್ಬ ಮಾಜಿ ಉಪಾಧ್ಯಕ್ಷರನ್ನು ಎಳೆದುಕೊಂಡು ಹೋಯಿತು. ಮೆಕ್ಸಿಕೋ ಕೂಡಲೇ ಸಂಬಂಧ ಕಡಿದುಕೊಂಡಿತು.

ನಮ್ಮಲ್ಲೂ ಆಗಿದೆ. 1967ರ ಮಾರ್ಚ್‌ನಲ್ಲಿ ಸ್ಟಾಲಿನ್ ಮಗಳು ಸ್ವೆತ್ಲಾನಾ ಟ್ಯಾಕ್ಸಿ ಹಿಡಿದು ದೆಹಲಿಯ ಅಮೆರಿಕ ರಾಯಭಾರಿ ಕಚೇರಿಯ ಮೆಟ್ಟಿಲು ಹತ್ತಿದಳು. ಭಾರತಕ್ಕೆ ಬಂದದ್ದು ತನ್ನ ಸಂಗಾತಿ ಬ್ರಜೇಶ್ ಸಿಂಗ್ ಅವರ ಚಿತಾಭಸ್ಮ ಗಂಗೆಯಲ್ಲಿ ಬಿಡಲು. ಅದೇ ರಾತ್ರಿ ಅಮೆರಿಕದವರು ಆಕೆಯನ್ನು ರೋಮ್ ವಿಮಾನ ಹತ್ತಿಸಿಬಿಟ್ಟರು. ಅತ್ತ ರಷ್ಯಾ, ಇತ್ತ ಅಮೆರಿಕ, ನಡುವೆ ನಮ್ಮ ಸರ್ಕಾರಕ್ಕೆ ಬಿಸಿತುಪ್ಪ.

ಇನ್ನು ನಾನು ಆಗಲೇ ಹೇಳಿದ ಸಿಡಿ, ಸಿಸಿ ವ್ಯತ್ಯಾಸಕ್ಕೆ ಒಳ್ಳೆಯ ಉದಾಹರಣೆ 2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ನಡೆದದ್ದು. ಮನೆಕೆಲಸದವರ ವೀಸಾ ವಿಷಯದಲ್ಲಿ ನಮ್ಮ ಡೆಪ್ಯುಟಿ ಕಾನ್ಸುಲ್ ಜನರಲ್ ದೇವಯಾನಿ ಖೋಬ್ರಾಗಡೆ ಅವರನ್ನು ಬಂಧಿಸಿದರು. ಅವರು ಕಾನ್ಸುಲೇಟ್‌ನವರು, ಪೂರ್ತಿ ರಕ್ಷಣೆ ಇಲ್ಲ ಅನ್ನುವುದು ಅಮೆರಿಕದ ವಾದ. ಪೂರ್ತಿ ರಕ್ಷಣೆ ಸಿಗಲಿ ಅಂತ ನಮ್ಮ ಸರ್ಕಾರ ಅವರನ್ನು ವಿಶ್ವಸಂಸ್ಥೆಯಲ್ಲಿರುವ ಭಾರತದ ಕಚೇರಿಗೆ ವರ್ಗ ಮಾಡಿತು. ದೆಹಲಿಯಲ್ಲಿ ಅಮೆರಿಕ ಕಚೇರಿಯ ಮುಂದಿದ್ದ ಕಾಂಕ್ರೀಟ್ ತಡೆಗೋಡೆಗಳನ್ನು ಕ್ರೇನ್ ತಂದು ಎತ್ತಿಸಿತು.

ಸಿಲ್ಕ್‌ಬೋರ್ಡ್_ಸಂತ್ರಸ್ತ

ಅಂದರೆ ದೊಡ್ಡ ದೊಡ್ಡ ದೇಶಗಳೂ ಕೊನೆಗೆ ಜಗಳ ಆಡೋದು ಗೇಟ್ ಮುಂದಿನ ಜಾಗಕ್ಕೇ. ಗುಬ್ಬಿ ಅವರೇ, ನೀವು ಒಬ್ಬರೇ ಅಲ್ಲ.

ವಸಂತನಗರದ_ಗುಬ್ಬಿ

ಎರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಕಾಫಿ ಸಾರ್ ಹೇಳಿದ ಧೈರ್ಯದಲ್ಲಿ ನಿನ್ನೆ ಬೆಳಿಗ್ಗೆ ಕಾದು ನಿಂತೆ. ಇಂಗ್ಲಿಷಿನಲ್ಲಿ ಏನು ಹೇಳಬೇಕು ಅಂತ ರಾತ್ರಿಯೇ ಬಾಯಿಪಾಠ ಮಾಡಿದ್ದೆ. ಕಾರು ಬಂತು. ಗಾಜು ಇಳಿಯಿತು.

ಡ್ರೈವರ್ ಮಂಡ್ಯದವರು. "ಅಕ್ಕಾ, ಸಾಹೇಬ್ರನ್ನ ಹಿಂದಿನ ರಸ್ತೇಲಿ ಇಳಿಸ್ತೀನಿ, ಇಲ್ಲಿ ನೆರಳಿದೆ ಅಂತ ನಿಲ್ಲಿಸ್ಕೋತಿದ್ದೆ. ಹೇಳ್ಬಾರ್ದಾ ಮೊದಲೇ" ಅಂದರು. ಅಪ್ಪ ಹೊರಗೆ ಬಂದರು. ಇಬ್ಬರೂ ಮದ್ದೂರಿನ ಕಡೆಯ ಯಾವುದೋ ನೆಂಟಸ್ತಿಕೆ ಹುಡುಕಿ ತೆಗೆದರು. ಅಮ್ಮ ಕಾಫಿ ಕೊಟ್ಟರು.

ಈಗ ಕಾರು ಎದುರು ಮನೆ ಹೊಂಗೆ ಮರದ ಕೆಳಗೆ ನಿಲ್ಲುತ್ತದೆ. ಪಕ್ಕದ ಮನೆ ಅಂಕಲ್‌ಗೆ ವಿಯೆನ್ನಾ ಒಪ್ಪಂದದ ವಿಷಯ ಹೇಳಿದೆ. ಅವರು ಇನ್ನೂ ಒಪ್ಪಿಲ್ಲ.